ಹಾಸಿಗೆ ಹಿಂದೆ ಬಚ್ಚಿಟ್ಟ ಚಿತ್ರ

ಆತನನ್ನು ನಾನು ಮೊದಲು ನೋಡಿದ್ದು ಲಾಲ್‌ಬಾಗ್ ವೆಸ್ಟ್ ಗೇಟ್ ಹತ್ತಿರ, ಎಳನೀರು ಕುಡೀತಾ, ಫೋನಿನಲ್ಲಿ. 2019ರ ಫೆಬ್ರವರಿಯ ಮೊದಲ ಶನಿವಾರ. ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನ ಆಗಷ್ಟೇ ಮುಗಿದಿತ್ತು. ಆ ಗಲಾಟೆಯಲ್ಲಿ ಎರಡು ವಾರ ವಾಕಿಂಗ್ ತಪ್ಪಿಸಿದ್ದ ಅಮ್ಮ ಅವತ್ತು ಬಡ್ಡಿ ಸಮೇತ ನಡೆಸಿದ್ದಳು. ಕಾಲು ನೋಯುತ್ತಿತ್ತು. ಸುಮ್ಮನೆ ಸುದ್ದಿ ನೋಡ್ತಾ ಬೆರಳಾಡಿಸ್ತಿದ್ದಾಗ ಆ ಚಿತ್ರ ಬಂತು.

"ಅಮ್ಮ, ಇಲ್ನೋಡು. ನ್ಯೂಯಾರ್ಕ್‌ನಲ್ಲಿ ಹರಾಜಾಯ್ತಂತೆ. 51 ಕೋಟಿ."

ಅಮ್ಮ ಕನ್ನಡಕ ಏರಿಸಿ ನೋಡಿದಳು. "ಯಾರೇ ಇವ್ನು? ಯಾವ್ದೋ ಸೀರಿಯಲ್ಲಲ್ಲಿ ಬರ್ತಾನಾ?"

"ಮೈಸೂರೋನು."

"ಮೈಸೂರಲ್ಲಿ ಯಾರ ಪೈಕಿ?"

ಟಿಪ್ಪು ಸುಲ್ತಾನನ ಪೈಕಿ. ಹೆಸರು ಮೊಹಮ್ಮದ್ ದರ್ವೇಶ್ ಖಾನ್. 1787ರಲ್ಲಿ ಟಿಪ್ಪು ಫ್ರಾನ್ಸಿನ ದೊರೆ 16ನೇ ಲೂಯಿಯ ಹತ್ತಿರ ಕಳಿಸಿದ ಮೂವರು ರಾಯಭಾರಿಗಳಲ್ಲಿ ಒಬ್ಬ. ಪ್ಯಾರಿಸ್‌ನಲ್ಲಿದ್ದಾಗ ಅವನ ಚಿತ್ರ ಬರೆದವಳು ಎಲಿಸಬೆತ್ ವಿಜೆ ಲ ಬ್ರನ್, ರಾಣಿ ಮರೀ ಆಂತ್ವಾನೆತ್‌ಳ ಚಿತ್ರಗಳನ್ನು ಬರೆದು ಹೆಸರಾದವಳು. ಆ ಚಿತ್ರವೇ ಜನವರಿ 30ಕ್ಕೆ 72 ಲಕ್ಷ ಡಾಲರಿಗೆ ಹೋಗಿತ್ತು. ಹಳೇ ಕಾಲದ ಯಾವ ಚಿತ್ರಕಾರ್ತಿಯ ಕೃತಿಗೂ ಹರಾಜಿನಲ್ಲಿ ಅಲ್ಲಿಯವರೆಗೆ ಅಷ್ಟು ಬೆಲೆ ಬಂದಿರಲಿಲ್ಲ ಅಂತ ಸುದ್ದಿ.

ಚಿತ್ರ ಸುಮಾರು ಏಳೂವರೆ ಅಡಿ ಎತ್ತರ. ನಮ್ಮ ಜಯನಗರದ ಮನೆಯ ಬಾಗಿಲಲ್ಲಿ ನೆಟ್ಟಗೆ ಒಳಗೆ ಬರಲ್ಲ. ಬಿಳಿ ಮಸ್ಲಿನ್ ನಿಲುವಂಗಿ, ಮೇಲೆಲ್ಲಾ ಚಿನ್ನದ ಹೂಗಳು, ಸೊಂಟಕ್ಕೆ ಬಿಗಿದ ಪಟ್ಟಿ, ತಲೆಗೆ ಪೇಟ, ದಟ್ಟ ಗಡ್ಡ, ಕೈಯಲ್ಲಿ ಕತ್ತಿ. ಇವೆಲ್ಲ ಇರಲಿ. ಆತ ನಮ್ಮ ಕಡೆ ನೋಡ್ತಿಲ್ಲ. ಕಣ್ಣು ಪಕ್ಕಕ್ಕೆ ಹೊರಳಿವೆ, ಚಿತ್ರದ ಚೌಕಟ್ಟಿನಾಚೆ ಯಾರೋ ಬಾಗಿಲು ತಟ್ಟಿದ ಹಾಗೆ.

ಈ ನೋಟ ನನಗೆ ಗೊತ್ತಿತ್ತು. ಇದೇ ನೋಟದ ಇನ್ನೊಂದು ಫೋಟೋ ನನ್ನ ಫೋನಿನಲ್ಲೇ ಮೂರು ತಿಂಗಳಿಂದ ಇತ್ತು. ಅದನ್ನು ಕಳಿಸಿಕೊಡು ಅಂತ ಕೇಳಿದ್ದ ವಾಟ್ಸ್ಯಾಪ್ ಮೆಸೇಜೂ ಇತ್ತು, ಉತ್ತರ ಕೊಡದೆ.

ಮೊದಲು ದರ್ವೇಶ್ ಖಾನನ ಕತೆ ಮುಗಿಸ್ತೀನಿ. (ಟಿಪ್ಪು ಹೆಸರು ಬಂದ ತಕ್ಷಣ ಒಳ್ಳೆಯವನಾ ಕೆಟ್ಟವನಾ ಅಂತ ಶುರು ಮಾಡೋರಿಗೆ ಒಂದು ವಿನಂತಿ: ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಆ ಚರ್ಚೆ ವರ್ಷಕ್ಕೊಂದು ಸಲ ನಡೆಯುತ್ತೆ, ಇಬ್ಬರು ಎಕ್ಸಿಟ್ ಆಗ್ತಾರೆ, ದೀಪಾವಳಿಗೆ ವಾಪಸ್ ಸೇರಿಸ್ತೀವಿ. ಇಲ್ಲಿ ಬೇಡ.)

ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದು ಆನ್‌ಸೈಟ್. ಟಿಪ್ಪುವಿಗೆ ಇಂಗ್ಲಿಷರ ಮೇಲೆ ಯುದ್ಧಕ್ಕೆ ಫ್ರೆಂಚ್ ಸೈನ್ಯ ಬೇಕಿತ್ತು. 1783ರಲ್ಲಿ ಫ್ರೆಂಚರು ಇವನನ್ನು ನಡುನೀರಿನಲ್ಲಿ ಬಿಟ್ಟು ಇಂಗ್ಲಿಷರ ಜೊತೆ ಸಂಧಿ ಮಾಡಿಕೊಂಡಿದ್ದರು. ಈ ಸಲ ನೇರ ದೊರೆಯ ಹತ್ತಿರವೇ ಮಾತಾಡಿ ಬನ್ನಿ ಅಂತ ಮೂವರನ್ನು ಹೊರಡಿಸಿದ: ದರ್ವೇಶ್ ಖಾನ್, ಅಕ್ಬರ್ ಅಲಿ ಖಾನ್, ಉಸ್ಮಾನ್ ಖಾನ್. ಸೈನ್ಯದ ಜೊತೆಗೆ ಇನ್ನೊಂದು ಪಟ್ಟಿಯೂ ಇತ್ತು. ಫಿರಂಗಿ ಎರಕ ಹೊಯ್ಯೋರು, ಬಂದೂಕು ಮಾಡೋರು, ಗಾಜಿನ ಕೆಲಸದೋರು, ಗಡಿಯಾರ ಮಾಡೋರು, ಪಿಂಗಾಣಿ ಮಾಡೋರು, ವೈದ್ಯರು, ಹಣ್ಣಿನ ಗಿಡಗಳು, ಹೂವಿನ ಬೀಜಗಳು. ಅಪ್ಪ ಹೈದರಾಲಿ ಶುರು ಮಾಡಿದ ಲಾಲ್‌ಬಾಗನ್ನು ಬೆಳೆಸಿದವನು ಇದೇ ಟಿಪ್ಪು ತಾನೇ. ಯುದ್ಧಕ್ಕೆ ಆಳು ಕೇಳೋ ಪಟ್ಟಿಯಲ್ಲೇ ಹೂವಿನ ಬೀಜವನ್ನೂ ಸೇರಿಸಿದ್ದು ನನಗೆ ಯಾಕೋ ಬಹಳ ಇಷ್ಟವಾಯ್ತು. ವಿದೇಶಕ್ಕೆ ಹೊರಟೋರ ಕೈಗೆ ಎಲ್ಲರ ಮನೆಯಲ್ಲೂ ಇಂಥದ್ದೇ ಒಂದು ಪಟ್ಟಿ ಬರುತ್ತೆ.

1787ರ ಜುಲೈನಲ್ಲಿ ಪಾಂಡಿಚೇರಿಯಿಂದ ಹಡಗು ಹೊರಟಿತು. ತೂಲೋನ್ ಬಂದರು ಮುಟ್ಟಿದ್ದು ಮರುವರ್ಷ ಜೂನ್‌ನಲ್ಲಿ. ಹನ್ನೊಂದು ತಿಂಗಳ ಹತ್ತಿರ ಹತ್ತಿರ. ನಾವು ದೋಹಾದಲ್ಲಿ ಆರು ಗಂಟೆ ಕಾದಿದ್ದಕ್ಕೆ ಎಚ್‌ಆರ್‌ಗೆ ಮೇಲ್ ಬರೆದಿದ್ವಿ.

ನಾವೂ ಮೂರೇ ಜನ. 2018ರ ಸೆಪ್ಟೆಂಬರ್‌ನಲ್ಲಿ ನಮ್ಮ ಕಂಪನಿ ಪ್ಯಾರಿಸ್‌ನ ಒಬ್ಬ ಕ್ಲೈಂಟಿನ ಹತ್ತಿರ ಕಳಿಸಿತ್ತು. ಒಬ್ಬ ಸೇಲ್ಸ್ ಹುಡುಗ, ಬಿಸಿನೆಸ್ ಅನಲಿಸ್ಟ್ ಅಂತ ನಾನು, ಇನ್ನೊಬ್ಬರು ನಮ್ಮ ಆರ್ಕಿಟೆಕ್ಟ್. ಅವರನ್ನು ಇಲ್ಲಿ ಸರ್ ಅಂತಲೇ ಕರೀತೀನಿ. ಆಫೀಸಿನಲ್ಲಿ ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕೂಗೋದು, ಆದರೂ ನಲವತ್ತಾರು ವಯಸ್ಸಿನ, ಬನಶಂಕರಿ ಎರಡನೇ ಹಂತದಿಂದ ಬನ್ನೇರುಘಟ್ಟ ರಸ್ತೆಗೆ ಟಿಫನ್ ಕ್ಯಾರಿಯರ್ ಹಿಡಿದು ಬರೋರನ್ನ ಹೆಸರು ಹಿಡಿದು ಕೂಗೋಕೆ ನನ್ನ ಬಾಯಿಗೆ ಬರಲ್ಲ. ಅವರು ನನ್ನನ್ನು ಕೂಗೋದು "ಏನಮ್ಮಾ" ಅಂತ.

ಸರ್‌ಗೆ ಅದು ಮೊದಲ ವಿದೇಶ ಪ್ರಯಾಣ. ಇಪ್ಪತ್ತೆರಡು ವರ್ಷ ಸರ್ವೀಸು, ಪ್ರತಿ ಸಲ ಏನೋ ಒಂದು ಅಡ್ಡ ಬಂದಿತ್ತು: ಮಗಳ ಹತ್ತನೇ ಕ್ಲಾಸು, ತಾಯಿಯ ಮಂಡಿ ಆಪರೇಷನ್ನು. ಕೊನೇ ಪ್ರೆಸೆಂಟೇಷನ್‌ಗೆ ಅಂತ ಜಯನಗರ ನಾಲ್ಕನೇ ಬ್ಲಾಕಿನ ಟೈಲರ್ ಹತ್ತಿರ ಕಪ್ಪು ಬಂದ್‌ಗಲಾ ಹೊಲಿಸಿದ್ದರು. ಸೂಟ್‌ಕೇಸಿನಲ್ಲಿ ಅದು ಒಂದು ಕಡೆ, ಚಟ್ನಿಪುಡಿ, ಹುಳಿಯನ್ನದ ಗೊಜ್ಜು, ಇಂಡಕ್ಷನ್ ಸ್ಟವ್ ಇನ್ನೊಂದು ಕಡೆ. ವಾರದ ಕೊನೆಗೆ ವರ್ಸೇಲ್ಸ್ ಅರಮನೆಗೆ ಹೋದ್ವಿ. ಹರ್ಕ್ಯುಲಿಸ್ ಹಾಲ್ ಅಂತ ಒಂದಿದೆ, ಛಾವಣಿ ತುಂಬಾ ದೇವತೆಗಳು. ಮೂವರೂ ತಲೆ ಎತ್ತಿ ಸೆಲ್ಫಿ ತಗೊಂಡ್ವಿ. ಸರ್ ಕುತ್ತಿಗೆ ಉಜ್ಜಿಕೊಂಡು, "ಇಲ್ಲಿ ಕೆಲಸ ಮಾಡೋನಿಗೆ ಸ್ಪಾಂಡಿಲೈಟಿಸ್ ಗ್ಯಾರಂಟಿ" ಅಂದರು. 1788ರ ಆಗಸ್ಟ್ 10ರಂದು ದೊರೆ ಲೂಯಿ ಮೈಸೂರಿನ ಮೂವರನ್ನು ಬರಮಾಡಿಕೊಂಡಿದ್ದು ಇದೇ ಹಾಲಿನಲ್ಲಿ. ನಮಗೆ ಅದು ಗೊತ್ತೇ ಇರಲಿಲ್ಲ. ಗೊತ್ತಿದ್ದರೆ ಸರ್ ಖಂಡಿತ ಬಂದ್‌ಗಲಾ ಹಾಕಿಕೊಂಡು ಬರ್ತಿದ್ದರು.

ಪ್ರೆಸೆಂಟೇಷನ್ ಮುಗಿದ ಸಂಜೆ ಸೀನ್ ನದಿಯ ಸೇತುವೆ ಮೇಲೆ ಅವರು ಅದನ್ನು ಹಾಕಿಕೊಂಡೇ ನಿಂತಿದ್ದರು. "ನಂದು ಒಂದು ಒಳ್ಳೇ ಫೋಟೋನೇ ಇಲ್ಲ ಕಣಮ್ಮಾ. ಮದುವೇದು ಬಿಟ್ರೆ ಆಧಾರ್ ಕಾರ್ಡಿಂದೇ. ಒಂದು ತೆಗಿ." ನನ್ನ ಫೋನಿನ ಕ್ಯಾಮೆರಾ ಚೆನ್ನಾಗಿತ್ತು, ಬೆಳಕೂ ಚೆನ್ನಾಗಿತ್ತು. ಒತ್ತಬೇಕು ಅನ್ನುವಾಗ ಅವರ ಫೋನ್ ರಿಂಗಾಯ್ತು, ಬೆಂಗಳೂರಿಂದ. ಅವರು ಪಕ್ಕಕ್ಕೆ ನೋಡಿದರು. ಫೋಟೋದಲ್ಲಿ ಸಿಕ್ಕಿದ್ದು ಅದು.

ಡೀಲ್ ಬರಲಿಲ್ಲ. ಮೂರು ತಿಂಗಳಿಗೆ ಅಂತ ಹೋದೋರು ಏಳನೇ ವಾರಕ್ಕೆ ವಾಪಸ್.

ದರ್ವೇಶ್ ಖಾನನ ಡೀಲೂ ಬರಲಿಲ್ಲ. ಪ್ಯಾರಿಸ್ ಜನ ಮೈಸೂರಿನವರನ್ನು ನೋಡೋಕೆ ಮುಗಿಬಿದ್ದರು. ಹೋದಲ್ಲೆಲ್ಲಾ ಗುಂಪು. ಸೆವ್ರ್‌ನ ಪಿಂಗಾಣಿ ಕಾರ್ಖಾನೆ ಇವರ ಚಿತ್ರ ಇರೋ ಕಪ್ಪುಗಳನ್ನು ಮಾಡಿತು. ಈಗಿನ ಲೆಕ್ಕದಲ್ಲಿ ವೈರಲ್. ಆದರೆ ದೊರೆಯ ಹತ್ತಿರ ದುಡ್ಡಿರಲಿಲ್ಲ. ಹರ್ಕ್ಯುಲಿಸ್ ಹಾಲಿನ ಸಮಾರಂಭ ಆಗಸ್ಟ್ 10ಕ್ಕೆ ನಡೆದರೆ, 16ಕ್ಕೆ ಫ್ರಾನ್ಸಿನ ಖಜಾನೆ ತನ್ನ ಪಾವತಿಗಳನ್ನೇ ನಿಲ್ಲಿಸಿತು. ಆರೇ ದಿನ. ಹೀಗಿರುವಾಗ ಸೈನ್ಯ ಎಲ್ಲಿಂದ ಬರಬೇಕು? ಸ್ನೇಹದ ಮಾತು ಸಿಕ್ಕಿತು, ಉಡುಗೊರೆಯಾಗಿ ಪಿಂಗಾಣಿ ಸಿಕ್ಕಿತು, ಕೆಲವು ಕುಶಲಕರ್ಮಿಗಳು ಸಿಕ್ಕಿದರು. ಮುಖ್ಯವಾಗಿ ಕೇಳಿದ್ದು ಸಿಗಲಿಲ್ಲ. ಇದರಲ್ಲಿ ಆ ಮೂವರ ತಪ್ಪೇನು ಅಂತ ಎಷ್ಟು ಯೋಚಿಸಿದರೂ ನನಗೆ ಹೊಳೆಯಲಿಲ್ಲ.

ನಮ್ಮ ವಿಷಯದಲ್ಲಿ ತಪ್ಪು ಯಾರದ್ದು ಅಂತ ಹುಡುಕೋಕೆ ಒಂದು ಡಾಕ್ಯುಮೆಂಟೇ ಇರುತ್ತೆ. ಅದಕ್ಕೆ 'ಲೆಸನ್ಸ್ ಲರ್ನ್ಟ್' ಅಂತ ಹೆಸರು. ಬರೆದವಳು ನಾನು. ಕ್ಲೈಂಟಿನ ಟೆಕ್ನಿಕಲ್ ತಂಡ ನಮ್ಮನ್ನು ಬಿಟ್ಟುಹಾಕಿದ್ದು ಎಸ್ಟಿಮೇಟ್ ನೋಡಿ: ಇಷ್ಟು ಕೆಲಸ ಒಂಬತ್ತು ತಿಂಗಳಲ್ಲಿ ಹೇಗೆ ಮುಗಿಯುತ್ತೆ ಅಂತ ಅವರು ಕೇಳಿದ್ದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಎಸ್ಟಿಮೇಟ್ ಮಾಡಿದ್ದು ಯಾರು ಅನ್ನೋ ಕಾಲಂನಲ್ಲಿ ಸರ್ ಹೆಸರು ಬರೆದೆ. ಸುಳ್ಳಲ್ಲ. ಆದರೆ ಸರ್ ಮೊದಲು ಕೊಟ್ಟಿದ್ದು ಹದಿನಾಲ್ಕು ತಿಂಗಳು. ಮೇಲಿನಿಂದ ಒಂದು ಕಾಲ್ ಬಂತು, ಒಂಬತ್ತು ಅಂತ ಹಾಕಿ ಅಂದರು, ಅವರು ಎರಡು ದಿನ ಆಗಲ್ಲ ಅಂದು ಮೂರನೇ ದಿನ ಹಾಕಿದರು. ಹದಿನಾಲ್ಕು ಅಂತಿದ್ದ ಮೇಲ್‌ನಲ್ಲಿ ನಾನೂ ಸಿಸಿಯಲ್ಲಿದ್ದೆ. ಡಾಕ್ಯುಮೆಂಟಿನಲ್ಲಿ ಅದನ್ನು ಬರೆಯಲಿಲ್ಲ. ಯಾರೂ ಬರೀಬೇಡ ಅಂತ ಹೇಳಿರಲಿಲ್ಲ. ನನಗೇ ಗೊತ್ತಿತ್ತು, ಬರೀಬಾರದು ಅಂತ. ಅಪ್ರೈಸಲ್ ಹತ್ತಿರ ಇತ್ತು.

ಜನವರಿ ಎರಡನೇ ವಾರ ಸರ್ ರಾಜೀನಾಮೆ ಕೊಟ್ಟರು. ಕೊಡಿಸಿದರು ಅನ್ನಿ. ಲ್ಯಾಪ್‌ಟಾಪ್ ಒಪ್ಪಿಸಿ, ಟಿಫನ್ ಕ್ಯಾರಿಯರ್ ಹಿಡಿದು ಹೋದರು. ಅವತ್ತು ರಾತ್ರಿ ಮೆಸೇಜ್: "ಏನಮ್ಮಾ, ಆ ಬ್ರಿಡ್ಜ್ ಫೋಟೋ ಇದ್ರೆ ಕಳಿಸು." ನೋಡಿದೆ. ನೀಲಿ ಟಿಕ್ ಬಿದ್ದುಬಿಟ್ಟಿತು. ಏನಂತ ಬರೆದು ಕಳಿಸೋದು ಗೊತ್ತಾಗದೆ ಫೋನ್ ಮಗುಚಿ ಇಟ್ಟೆ. ನಾಳೆ ಅಂದುಕೊಂಡೆ. ಒಂದು ಫೋಟೋ ಫಾರ್ವರ್ಡ್ ಮಾಡೋಕೆ ಎರಡು ಸೆಕೆಂಡು ಸಾಕು. ನನಗೆ ಮೂರು ವಾರ ಆಗಿತ್ತು.

ಆ ಶನಿವಾರ ವಾಕಿಂಗ್‌ನಿಂದ ಮನೆಗೆ ಬಂದವಳೇ ವಿಜೆ ಲ ಬ್ರನ್‌ಳ ನೆನಪುಗಳ ಪುಸ್ತಕದ ಇಂಗ್ಲಿಷ್ ಅನುವಾದ ಹುಡುಕಿ ಓದಿದೆ. ಮುಪ್ಪಿನಲ್ಲಿ ಬರೆದದ್ದು, 1830ರ ದಶಕದಲ್ಲಿ ಅಚ್ಚಾಗಿದ್ದು. ಮೈಸೂರಿನವರ ಭಾಗ ಕೆಲವೇ ಪ್ಯಾರಾ, ಆದರೆ ಎಂಥಾ ಪ್ಯಾರಾಗಳು!

ಆಕೆಗೆ ಆಗ ಮೂವತ್ತಮೂರು ವರ್ಷ. ಒಪೆರಾದಲ್ಲಿ ಇವರನ್ನು ನೋಡಿ, ಚಿತ್ರ ಬರೆಯಲೇಬೇಕು ಅಂತ ಹಟ ಹಿಡಿದಳು. ದುಭಾಷಿಯ ಮೂಲಕ ಕೇಳಿಸಿದರೆ, ದೊರೆಯೇ ಹೇಳಿದರೆ ಮಾತ್ರ ಅಂತ ಉತ್ತರ ಬಂತು. ದೊರೆಯಿಂದಲೇ ಹೇಳಿಸಿದಳು! ಇವರು ಇಳಿದುಕೊಂಡಿದ್ದ ಮನೆಗೆ ದೊಡ್ಡ ಕ್ಯಾನ್ವಾಸು, ಬಣ್ಣ ಎಲ್ಲ ಹೊರಿಸಿಕೊಂಡು ಹೋದಳು. ಒಳಗೆ ಕಾಲಿಟ್ಟ ಕೂಡಲೇ ಒಬ್ಬ ಪನ್ನೀರು ತಂದು ಅವಳ ಕೈಗೆ ಹಾಕಿದ. (ನಮ್ಮ ಮದುವೆ ಮನೆ ಬಾಗಿಲು ನೆನಪಾಯ್ತು.) ಎತ್ತರದವನಾದ ದರ್ವೇಶ್ ಖಾನ್ ಮೊದಲು ನಿಂತ. ಒಂದು ಚೂರೂ ತಕರಾರಿಲ್ಲದೆ ನಿಂತ ಅಂತ ಹೊಗಳ್ತಾಳೆ. ಅದು ಒಣಗಲಿ ಅಂತ ಬೇರೆ ಕೋಣೆಯಲ್ಲಿಟ್ಟು, ವಯಸ್ಸಾದ ಉಸ್ಮಾನ್ ಖಾನನನ್ನು ಅವನ ಮಗನ ಜೊತೆ ಬರೆಯೋಕೆ ಕೂತಳು.

ಆಮೇಲೆ ಊಟಕ್ಕೆ ಕರೆದರು. ಆಕೆ ಒಬ್ಬ ಗೆಳತಿಯ ಜೊತೆ ಹೋದಳು. ನೆಲದ ಮೇಲೆ ಕೂರಿಸಿ, ಪಾತ್ರೆಯಿಂದ ಕೈಯಲ್ಲೇ ತೆಗೆದು ಬಡಿಸಿದರು. ಕುರಿಕಾಲಿನ ಒಂದು ಖಾರದ ಅಡುಗೆ ಇತ್ತಂತೆ. ಆಕೆಗೆ ಪಾಪ ಚಮಚ ಬೇಕಿತ್ತು. ಓದುವಾಗ ನನಗೆ ನಗು ಬಂದದ್ದು, ನಾವು ಕ್ಲೈಂಟಿನ ಡಿನ್ನರಿನಲ್ಲಿ ಆರು ನಮೂನೆ ಫೋರ್ಕುಗಳ ಮುಂದೆ ಕೂತಿದ್ದು ನೆನಪಾಗಿ. ಸರ್ ಸುತ್ತ ನೋಡಿ, ಬ್ರೆಡ್ಡು ಮುರಿದು ಕೈಯಲ್ಲೇ ತಿಂದಿದ್ದರು. "ಬ್ರೆಡ್ಡಿಗೆ ಯಾರೂ ಏನೂ ಅನ್ನಲ್ಲ."

ಕೊನೆಗೆ ಆಕೆ ಚಿತ್ರಗಳನ್ನು ತರಿಸಿಕೊಳ್ಳೋಕೆ ಆಳು ಕಳಿಸಿದರೆ ದರ್ವೇಶ್ ಖಾನ್ ಕೊಡಲೇ ಇಲ್ಲ. ತನ್ನದನ್ನು ಹಾಸಿಗೆ ಹಿಂದೆ ಬಚ್ಚಿಟ್ಟಿದ್ದ. ಈ ಚಿತ್ರಕ್ಕೆ ಒಂದು ಆತ್ಮ ಬೇಕು, ಅದಿಲ್ಲದೆ ಕಳಿಸೋಕಾಗಲ್ಲ ಅನ್ನೋದು ಅವನ ವಾದ. ಆಕೆ ಹೇಗೋ ಉಪಾಯ ಮಾಡಿ ತರಿಸಿಕೊಂಡಳು. ಚಿತ್ರ ಕಾಣದಾದಾಗ ಅವನು ತನ್ನ ಸೇವಕನೇ ಕೊಟ್ಟಿದ್ದಾನೆ ಅಂತ ಕೊಲ್ಲೋಕೆ ಹೊರಟ. ಪ್ಯಾರಿಸ್‌ನಲ್ಲಿ ಆಳುಗಳನ್ನು ಹಾಗೆಲ್ಲಾ ಕೊಲ್ಲೋ ಪದ್ಧತಿ ಇಲ್ಲ ಅಂತ ತಿಳಿಹೇಳೋಕೆ ದುಭಾಷಿಗೆ ಸಾಕುಸಾಕಾಯ್ತಂತೆ. ಕೊನೆಗೆ ದೊರೆಗೇ ಆ ಚಿತ್ರ ಬೇಕಂತೆ ಅಂತ ಹೇಳಿ ಸಮಾಧಾನ ಮಾಡಿದರು.

ಆಕೆ ಇದನ್ನು ತಮಾಷೆಯಾಗಿ ಬರೀತಾಳೆ. ವಿಚಿತ್ರ ಜನ, ಎಂಥಾ ಮೂಢನಂಬಿಕೆ ಅನ್ನೋ ಧಾಟಿ. ನನಗೆ ಅವನ ಕಡೆಯಿಂದ ನೋಡಿದರೆ ಅದರಲ್ಲಿ ಮೂಢನಂಬಿಕೆ ಕಾಣಲಿಲ್ಲ. ಊರು ಬಿಟ್ಟು ಒಂದು ವರ್ಷ. ಹೋದಲ್ಲೆಲ್ಲಾ ಜನ ಮೈಮೇಲೆ ಬಿದ್ದು ನೋಡ್ತಾರೆ. ಒಡೆಯ ಕಳಿಸಿದ ಕೆಲಸ ಆಗೋ ಲಕ್ಷಣ ಇಲ್ಲ. ಈಗ ಏಳೂವರೆ ಅಡಿ ಎತ್ತರದ ಇನ್ನೊಬ್ಬ ತಾನು, ಕತ್ತಿ ಹಿಡಿದು, ಯಾರ್ಯಾರದೋ ಗೋಡೆ ಮೇಲೆ ನಿಲ್ಲೋಕೆ ಹೊರಟಿದ್ದಾನೆ. ಅಲ್ಲಿ ಅವನ ಬಗ್ಗೆ ಯಾರು ಏನು ಹೇಳ್ತಾರೋ, ಉತ್ತರ ಕೊಡೋಕೆ ಇವನು ಇರಲ್ಲ. ನಾನಾಗಿದ್ದರೂ ಬಚ್ಚಿಡ್ತಿದ್ದೆ.

ಚಿತ್ರ 1789ರ ಪ್ಯಾರಿಸ್ ಸಲೋನ್ ಪ್ರದರ್ಶನಕ್ಕೆ ಬಂತು. ಬ್ಯಾಸ್ಟೀಲ್ ಸೆರೆಮನೆ ಬಿದ್ದು ಒಂದೂವರೆ ತಿಂಗಳಾಗಿತ್ತು. ಅಕ್ಟೋಬರ್‌ನಲ್ಲಿ ಚಿತ್ರಕಾರ್ತಿಯೇ ಮಗಳನ್ನು ಕಟ್ಟಿಕೊಂಡು ಊರು ಬಿಟ್ಟು ಓಡಿದಳು. ಅಷ್ಟರಲ್ಲಿ ರಾಯಭಾರಿಗಳು ಮೈಸೂರಿಗೆ ವಾಪಸಾಗಿದ್ದರು. ಅವರು ಬರಿಗೈಯಲ್ಲಿ ಬಂದದ್ದಕ್ಕೆ, ಅದರ ಮೇಲೆ ಫ್ರಾನ್ಸಿನ ವೈಭವವನ್ನು ಎಲ್ಲರ ಮುಂದೆ ಕೊಂಡಾಡಿದ್ದಕ್ಕೆ ಟಿಪ್ಪು ಸಿಟ್ಟಾಗಿ ಕೊಲ್ಲಿಸಿದ ಅನ್ನೋ ಕತೆ ಹಳೇ ಪುಸ್ತಕಗಳಲ್ಲಿ ಬರುತ್ತೆ. ಹರಾಜಿನ ಸುದ್ದಿಗಳಲ್ಲೂ ಅದೇ ದೊಡ್ಡದಾಗಿತ್ತು. ಬರೆದವರು ಬಹುಪಾಲು ಹೊರಗಿನವರು, ನಾನು ಅದನ್ನು ಪೂರ್ತಿ ನಂಬಿ ಕೂತಿಲ್ಲ. ಆದರೆ ಅದನ್ನು ಓದಿದಾಗ ನನಗೆ ಬಂದ ಪ್ರಶ್ನೆ ಟಿಪ್ಪು ಬಗ್ಗೆ ಅಲ್ಲ. ಮೂವರು ಜೊತೆಗೆ ಹೋಗಿದ್ದರು. ದರ್ಬಾರಿನಲ್ಲಿ ನಿಲ್ಲಿಸಿ, ಕೆಲಸ ಯಾಕೆ ಆಗಲಿಲ್ಲ ಅಂತ ಕೇಳಿದಾಗ ಮೊದಲು ಬಾಯಿ ತೆರೆದವರು ಯಾರು? ಬೊಕ್ಕಸ ಖಾಲಿ ಇತ್ತು ಅಂದರೋ, ಇನ್ನೊಬ್ಬನ ಹೆಸರು ಹೇಳಿದರೋ?

ಭಾನುವಾರ ನಾಲ್ಕನೇ ಬ್ಲಾಕಿನ ಒಂದು ಫೋಟೋ ಸ್ಟುಡಿಯೋಗೆ ಹೋದೆ. 12 ಬೈ 18 ಪ್ರಿಂಟ್, ಟೀಕ್ ಬಣ್ಣದ ಫ್ರೇಮು. ಕೌಂಟರಿನ ಹಿರಿಯರು ಫೋಟೋ ನೋಡಿ ದನಿ ತಗ್ಗಿಸಿದರು.

"ಯಾವಾಗ ಹೋಗಿದ್ದಮ್ಮಾ?"

"ಸೆಪ್ಟೆಂಬರ್ ಕೊನೇಲಿ. ಪ್ಯಾರಿಸ್‌ಗೆ."

"ಓ... ಬಾಡಿ ತರೋಕೆ ಬಹಳ ಕಷ್ಟ ಆಗಿರ್ಬೇಕು."

"ಅಯ್ಯೋ, ಇಲ್ಲ! ಇದಾರೆ. ಬನಶಂಕರೀಲಿದಾರೆ."

ಅವರು ಹಾರ ಹಾಕೋಕೆ ಅಂತ ಫ್ರೇಮಿನ ಮೇಲೆ ಬಡಿಯೋಕೆ ತೆಗೆದಿಟ್ಟಿದ್ದ ಎರಡು ಪುಟ್ಟ ಮೊಳೆಗಳನ್ನು ವಾಪಸ್ ಡಬ್ಬಿಗೆ ಹಾಕಿದರು.

ಫೋನ್ ಮಾಡದೇ ಹೋದೆ. ಮಾಡಿದ್ದರೆ ಹೋಗ್ತಿರಲಿಲ್ಲ. ಸರ್ ಬನಿಯನ್ನು, ಪಂಚೆಯಲ್ಲಿ ಬಾಗಿಲು ತೆಗೆದು, "ಒಂದ್ನಿಮಿಷ ಬಂದೆ" ಅಂತ ಒಳಗೋಡಿ ಶರ್ಟು ಹಾಕಿಕೊಂಡು ಬಂದರು. ಅವರ ಹೆಂಡತಿ ನನ್ನ ಮುಖ ನೋಡಿದ ರೀತಿಯಲ್ಲೇ ಗೊತ್ತಾಯ್ತು, ಅವರಿಗೆ ಡಾಕ್ಯುಮೆಂಟ್ ವಿಷಯ ಗೊತ್ತು. ಆದರೂ ಕಾಫಿ ಕೊಟ್ಟರು. ಸಕ್ಕರೆ ಕಮ್ಮಿ ಇತ್ತು. ಕೇಳಲಿಲ್ಲ ನಾನು.

ಪೇಪರ್ ಬಿಚ್ಚಿ ಫ್ರೇಮ್ ಕೊಟ್ಟೆ. ಸರ್ ಅದನ್ನು ಕೈ ಚಾಚಿ ದೂರ ಹಿಡಿದು ಬಹಳ ಹೊತ್ತು ನೋಡಿದರು.

"ಸರ್, ಆ ಹದಿನಾಲ್ಕು ತಿಂಗಳ ಮೇಲ್ ನನ್ನ ಹತ್ರ ಇತ್ತು. ನಾನು ಬರೀಬೇಕಿತ್ತು."

"ಹೂಂ," ಅಂದರು. "ಬರೀಬೇಕಿತ್ತು."

ಪರವಾಗಿಲ್ಲ ಬಿಡಮ್ಮಾ ಅಂತಾರೆ ಅಂದುಕೊಂಡಿದ್ದೆ. ಅನ್ನಲಿಲ್ಲ. ಫ್ಯಾನು ತಿರುಗೋ ಶಬ್ದ ಮಾತ್ರ. ಸ್ವಲ್ಪ ಹೊತ್ತಾದ ಮೇಲೆ ಅವರೇ, "ಆಗ ಫೋನ್ ಮಾಡಿದ್ದು ಯಾರು ಗೊತ್ತಾ? ಈ ಫೋಟೋ ತೆಗೆಯುವಾಗ?" ಅಂದರು.

"ಆಫೀಸಿಂದ ಅಂದ್ಕೊಂಡೆ."

"ಇವಳು. ಗ್ಯಾಸ್ ಬುಕ್ ಮಾಡೋಕೆ ಓಟಿಪಿ ಬೇಕಿತ್ತು."

ಅಷ್ಟರಲ್ಲಿ ಅವರ ತಾಯಿ ವಾಕರ್ ತಳ್ಳಿಕೊಂಡು ಬಂದರು. ಫೋಟೋ ನೋಡಿ ಖುಷಿಯಾದರು, ಆಮೇಲೆ ಮುಖ ಗಂಟಿಕ್ಕಿದರು. "ಚೆನ್ನಾಗಿದೆ. ಗೋಡೆಗೆ ಮಾತ್ರ ಬೇಡ ಕಣೋ. ಇರೋರದ್ದು ಒಬ್ಬೊಬ್ಬರದ್ದೇ ಹಾಕಬಾರದು." ದೇವರ ಮನೆ ಪಕ್ಕದ ಗೋಡೆ ಮೇಲೆ ಸರ್ ಅಪ್ಪ ಇದ್ದರು, ಹಾರ ಸಮೇತ, ನಮ್ಮೆಲ್ಲರನ್ನೂ ನೇರವಾಗಿ ನೋಡ್ತಾ.

ಸರ್ ಮಾತಾಡದೆ ಫ್ರೇಮ್ ತಗೊಂಡು ರೂಮಿಗೆ ಹೋದರು. ಬೀರು ಮತ್ತು ಗೋಡೆ ನಡುವಿನ ಸಂದಿಯಲ್ಲಿ ಹಳೇ ಕ್ಯಾಲೆಂಡರುಗಳು, ಮಗಳ ಡ್ರಾಯಿಂಗ್ ಬೋರ್ಡು ಇದ್ದವು. ಅಲ್ಲಿ ನಿಧಾನಕ್ಕೆ ತೂರಿಸಿ, ಗಾಜಿಗೆ ಏಟಾಗದ ಹಾಗೆ ಒಂದು ಟವೆಲ್ ಅಡ್ಡ ಇಟ್ಟು ಬಂದರು.

"ಸಾಫ್ಟ್ ಕಾಪೀನೂ ಕಳಿಸು," ಅಂದರು, ಕೂರ್ತಾ. "ಲಿಂಕ್ಡ್‌ಇನ್‌ಗೆ ಹಾಕ್ಬೇಕು. ಮೂರು ಕಡೆ ಅಪ್ಲೈ ಮಾಡಿದೀನಿ."

ಅಲ್ಲೇ ಸೋಫಾ ಮೇಲೆ ಕೂತು ಕಳಿಸಿದೆ. ಟೀಪಾಯಿ ಮೇಲಿದ್ದ ಅವರ ಫೋನ್ ಟಿಂಗ್ ಅಂತು.